ಅಲೆಪಟ್ಟಣದಲ್ಲಿ ಮೂರನೇ ಗಂಟು

ನನಗೆ ಮದುವೆಯಾಗಿದೆ. ಸುಮ್ಮನೆ ಅಲ್ಲ, ಸಮುದ್ರದ ಮುಂದೆ ಆಗಿದೆ. ಸಾಕ್ಷಿಗೆ ಒಬ್ಬ ಮಹಾರಾಜ, ಒಬ್ಬ ಸೇನಾಪತಿ, ನಾನೂರು ಜನ ಪ್ರಜೆಗಳು, ಎರಡು ಕ್ಯಾಮೆರಾ, ಒಂದು ಡ್ರೋನ್. ಛತ್ರದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಐಸ್‌ಕ್ರೀಮಿಗೆ ಕಾಯುವ ನೆಂಟರ ಮುಂದೆ ಮದುವೆಯಾದ ನಿಮಗೆ ಇದೆಲ್ಲ ಅರ್ಥವಾಗುವುದಿಲ್ಲ, ಬಿಡಿ. ಹುಡುಗಿಯ ಕುತ್ತಿಗೆಗೆ ಕವಡೆ ಸರ ಕಟ್ಟಿದವನು ನಾನು, ಸಮೇತನಹಳ್ಳಿ ಬೈಲಪ್ಪನ ಮಗ ಭೀಮರಾಜ. ಗಂಟು ಎಷ್ಟು? ಮೂರು. ಬೇಕಾದರೆ ಎಣಿಸಿಕೊಳ್ಳಿ.

"ಬಿಲ್ಡಪ್ ಜಾಸ್ತಿ ಆಯ್ತು ಗುರು" ಎನ್ನುತ್ತೀರಿ, ಗೊತ್ತು. ಎಲ್ಲರೂ ಹಾಗೇ ಎನ್ನುತ್ತಾರೆ. ನಾನು ಹೊಟ್ಟೆನೋವು ಎಂದು ಅತ್ತರೂ ನಮ್ಮಪ್ಪ "ಯಾವ್ ಸಿನಿಮಾದ್ದೋ ಇದು?" ಎಂದು ಕೇಳುತ್ತಾರೆ. ಹೀರೋಗಳ ತರ ಮಾತಾಡಿ ಮಾತಾಡಿ ನನ್ನ ನಾಲಗೆಗೆ ಬೇರೆ ಮಾತೇ ಬರದಂತಾಗಿದೆ. ಈ ಕಥೆಗೂ ಆ ಕಾಯಿಲೆಗೂ ಸಂಬಂಧವಿದೆ.

ಮೊದಲು ಆ ರಾಜ್ಯದ ವಿಷಯ ಹೇಳಿಬಿಡುತ್ತೇನೆ. ನಲ್ಲೂರಿನ ಹುಣಸೆ ತೋಪು ದಾಟಿ ಮಣ್ಣಿನ ರಸ್ತೆ ಹಿಡಿದರೆ ಒಂದು ಹಳೆಯ ಕಲ್ಲು ಕ್ವಾರಿ ಸಿಗುತ್ತದೆ. ಕಲ್ಲು ಮುಗಿದ ಮೇಲೆ ಅದರ ಹೊಟ್ಟೆಯಲ್ಲಿ ನೀರು ನಿಂತಿತ್ತು. ಹೋದ ವರ್ಷ ಒಂದು ಸಿನಿಮಾ ಕಂಪನಿಯವರು ಆ ನೀರಿನ ನಡುವೆ ದ್ವೀಪ ಕಟ್ಟಿದರು. ಹೆಸರು ಅಲೆಪಟ್ಟಣ. ಪ್ಲೈವುಡ್ ಅರಮನೆ, ಥರ್ಮಕೋಲ್ ದೀಪಸ್ತಂಭ, ಫೈಬರ್ ಮೀನು ನೇತಾಡುವ ಬೀದಿಗಳು. ಒಂದು ಕಡೆ ನಾಲ್ಕು ಅಂತಸ್ತಿನ ಎತ್ತರಕ್ಕೆ ಹಸಿರು ಬಟ್ಟೆ. ಅದೇ ಸಮುದ್ರ. ಅಲೆಗಳು ಆಮೇಲೆ ಕಂಪ್ಯೂಟರಿನಲ್ಲಿ ಬರುತ್ತವಂತೆ.

ಆ ದ್ವೀಪದ ಕಥೆ ಹೀಗೆ. ಪ್ರತಿ ವರ್ಷ ಸಮುದ್ರ ಬಂದು ಒಂದು ಬೀದಿಯನ್ನು ನುಂಗುತ್ತದೆ. ಯಾವ ಬೀದಿ ಎಂದು ಮೊದಲೇ ಗೊತ್ತಾಗುವುದಿಲ್ಲ. ಮನೆ ಕಳೆದುಕೊಂಡವರು ಯಾರ ಬಾಗಿಲಿಗೆ ಹೋದರೂ ಒಳಗೆ ಕರೆಯಬೇಕು. ನೀನು ಯಾರ ಪೈಕಿ ಎಂದು ಕೇಳಕೂಡದು. ಅದು ರಾಜಾಜ್ಞೆ. ಕೊನೆಗೆ ಇಡೀ ದ್ವೀಪವೇ ಮುಳುಗುವ ದಿನ ಬರುತ್ತದೆ. ಆಗ ರಾಜ ಒಂಟಿಯಾಗಿರುವ ಹುಡುಗ ಹುಡುಗಿಯರನ್ನೆಲ್ಲ ಜೋಡಿ ಮಾಡಿ ದಡದಲ್ಲಿ ಮದುವೆ ಮಾಡಿಸುತ್ತಾನೆ. ಯಾರೂ ಒಬ್ಬರೇ ನೀರಿಗೆ ಹೋಗಬಾರದಂತೆ.

ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ನನ್ನ ಕಾಂಟ್ರಾಕ್ಟ್ ಮುಗಿದು ಮನೆಯಲ್ಲಿ ಕೂತಿದ್ದೆ. ಜೂನಿಯರ್ ಆರ್ಟಿಸ್ಟುಗಳನ್ನು ಟೆಂಪೋದಲ್ಲಿ ತುಂಬಿ ಕರೆದೊಯ್ಯುವ ಚಿಕ್ಕಬೀರಪ್ಪಣ್ಣ ಹೊಸಕೋಟೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, "ಬಾರೋ ಭೀಮ, ಮೀನು ಹಿಡಿಯೋನ್ ಪಾರ್ಟು. ಸುಮ್ನೆ ನಿಂತ್ಕೊಳೋದು ಅಷ್ಟೇ" ಎಂದ.

"ನಾನ್ ನಿಂತ್ರೆ ಫ್ರೇಮೇ ನಡುಗುತ್ತೆ ಅಣ್ಣ" ಎಂದು ಹತ್ತಿಬಿಟ್ಟೆ.

*

ಮೊದಲ ದಿನವೇ ಕಾಸ್ಟ್ಯೂಮ್ ಟೆಂಟಿನ ಹಿಂದೆ ಯಾರೋ ಮರೆತಿದ್ದ ವಾಕಿಟಾಕಿ ಸಿಕ್ಕಿತು. ಬ್ಯಾಟರಿ ಇರಲಿಲ್ಲ. ಬ್ಯಾಟರಿ ಯಾರಿಗೆ ಬೇಕು? ಸೊಂಟಕ್ಕೆ ಸಿಕ್ಕಿಸಿಕೊಂಡು ಸೆಟ್ಟಿನೊಳಗೆ ನಡೆದೆ. ಬೂದು ಬಣ್ಣದ ಒರಟು ಸೀರೆ ಉಟ್ಟು, ಮೀನಿನ ಮೂಳೆಯಂಥ ಓಲೆ ಹಾಕಿಕೊಂಡ ಒಬ್ಬಳು ಪ್ಲೈವುಡ್ ಗೋಡೆಗೆ ಒರಗಿ ಫೋನ್ ನೋಡುತ್ತಿದ್ದಳು.

"ಹಲೋ ಮೇಡಂ, ಅಲೆಪಟ್ಟಣದಲ್ಲಿ ನೆಟ್‌ವರ್ಕ್ ಸಿಗುತ್ತಾ?"

ಅವಳು ಬೆಚ್ಚಿ ಫೋನನ್ನು ಸೆರಗಿನೊಳಗೆ ಸೇರಿಸಿದಳು. "ಸಾರಿ ಸರ್."

"ಸಾರಿ ಆಮೇಲೆ. ಎಲ್ಲಿ, ಸಮುದ್ರ ನೋಡಿ."

"ಎಲ್ಲಿದೆ ಸರ್?"

"ಅಗೋ, ಹಸಿರು ಬಟ್ಟೆ. ನಿಮ್ ಬೀದಿ ಮುಳುಗ್ತಿದೆ. ಕಣ್ ಮಿಟುಕಿಸಂಗಿಲ್ಲ. ಹಾಂ, ಇನ್ನೂ ಸ್ವಲ್ಪ ದುಃಖ ಬರ್ಲಿ."

ಅವಳು ನೋಡಿದಳು. ಅವಳು ಬಟ್ಟೆಯನ್ನು, ನಾನು ಅವಳನ್ನು. ಅವಳ ಎಡಗಣ್ಣಿನ ಕೆಳಗೆ ಸಾಸಿವೆಯಷ್ಟು ಮಚ್ಚೆಯಿತ್ತು. ರೆಪ್ಪೆ ನಡುಗಿತು, ಆದರೆ ಮುಚ್ಚಲಿಲ್ಲ. ಕಣ್ಣಂಚಿನಲ್ಲಿ ನೀರು ಕಟ್ಟಿ, ನಿಂತು, ಮಚ್ಚೆಯ ಪಕ್ಕದಿಂದ ಇಳಿಯಿತು. ಅಲ್ಲಿಗೆ ತಮಾಷೆ ನಿಲ್ಲಿಸಬೇಕಿತ್ತು. ನಿಲ್ಲಿಸಲು ಮನಸ್ಸಾಗಲಿಲ್ಲ.

"ಏಯ್! ಆ ವಾಕಿ ನಂದು!"

ಪ್ರಮೋದಾ ಮೇಡಂ. ಅಸಿಸ್ಟೆಂಟ್ ಡೈರೆಕ್ಟರ್. ಐದಡಿ ಎತ್ತರ, ಐವತ್ತಡಿ ಗಂಟಲು. "ಜೂನಿಯರ್ ಆರ್ಟಿಸ್ಟಾ ನೀನು?"

"ಸದ್ಯಕ್ಕೆ ಜೂನಿಯರ್ ಮೇಡಂ. ಮುಂದಿನ್ ಪಿಚ್ಚರಲ್ಲಿ ನೀವೇ ನನ್ ಡೇಟ್ಸ್ ಕೇಳ್ತೀರ."

ಹುಡುಗಿ ಸೆರಗಿನಿಂದ ಕೆನ್ನೆ ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನ್ನ ಕೆನ್ನೆಗೆ ಬೀಳುತ್ತದೆ ಎಂದುಕೊಂಡೆ. ಅವಳು ಪ್ರಮೋದಾ ಮೇಡಂ ಕಡೆ ತಿರುಗಿದಳು.

"ಮೇಡಂ, ಇವ್ರನ್ನ ನನ್ ಜೋಡಿಗೇ ಹಾಕಿ. ಸಮುದ್ರ ನೋಡೋದು ಇವ್ರಿಗೆ ಭಾಳ ಚೆನ್ನಾಗ್ ಗೊತ್ತು. ಮಿಟುಕಿಸ್ದಂಗೆ ನೋಡ್ತಾರಂತೆ. ದಿನಾ ನಾನೇ ಚೆಕ್ ಮಾಡ್ತೀನಿ."

ಪ್ರಮೋದಾ ಮೇಡಂ ನಮ್ಮಿಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ಕಣ್ಣಲ್ಲೇ ಅಳೆದರು. "ಹೈಟ್ ಸರಿಯಾಗಿದೆ. ಜೋಡಿ ಮೂವತ್ತೇಳು." ಫೋನಿನಲ್ಲಿ ಒಂದು ಫೋಟೋ ತೆಗೆದರು.

ಸಿನಿಮಾದಲ್ಲಿ ಇದಕ್ಕೆ ಕಂಟಿನ್ಯುಟಿ ಎನ್ನುತ್ತಾರೆ. ಒಮ್ಮೆ ಫೋಟೋ ಬಿದ್ದರೆ ಮುಗಿಯಿತು. ಶೂಟಿಂಗ್ ಮುಗಿಯುವವರೆಗೂ ಅದೇ ಬಟ್ಟೆ, ಅದೇ ಓಲೆ, ಪಕ್ಕದಲ್ಲಿ ಅದೇ ಮನುಷ್ಯ. ಇಪ್ಪತ್ತೊಂದು ದಿನ. ನಮ್ಮ ಕಡೆ ಒಂದು ಜೋಡಿ ಕೂಡಿಸಬೇಕಾದರೆ ಜಾತಕ, ಬಳಗ, ಎಕರೆ, ಬೀದಿ, ಏನೇನೋ ನೋಡುತ್ತಾರೆ. ಅಲೆಪಟ್ಟಣದಲ್ಲಿ ಹೈಟ್ ನೋಡಿದರು.

ಅವಳ ಹೆಸರು ಅರ್ಪಿತ. ನಲ್ಲೂರು. ಡಿಗ್ರಿ ಮುಗಿಸಿದ್ದಳು. ಶೂಟಿಂಗ್ ನೋಡುವ ಆಸೆಗೆ ಬಂದಿದ್ದಳು. ಅವಳನ್ನು ನೋಡಿಕೊಳ್ಳಲು ತಾಯಿ ಪಿಳ್ಳಮ್ಮನೂ ಬಂದು, ಕೈಗೆ ಬಲೆ ಕೊಟ್ಟಿದ್ದರಿಂದ ದ್ವೀಪದ ಮುದುಕಿಯಾಗಿದ್ದರು.

*

ಅಲೆಪಟ್ಟಣದ ಪ್ರಜೆಗಳಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಸಮುದ್ರಕ್ಕೆ ಬೆನ್ನು ತೋರಿಸಬಾರದು. ಏನು ಮಾಡುತ್ತಿದ್ದರೂ, ಬಲೆ ಹೆಣೆಯುತ್ತಿರಲಿ, ಜಗಳವಾಡುತ್ತಿರಲಿ, ಮುಖ ಆ ಹಸಿರು ಬಟ್ಟೆಯ ಕಡೆಗೇ ಇರಬೇಕು. ಹಾಗಾಗಿ ಇಪ್ಪತ್ತೊಂದು ದಿನ ನಾನು ಅರ್ಪಿತಳನ್ನು ನೋಡಿದ್ದೆಲ್ಲ ಕಣ್ಣಂಚಿನಲ್ಲಿ. ಕಿವಿಯ ತುದಿ, ಓಲೆಯ ನೆರಳು, ನಗು ತಡೆದುಕೊಂಡಾಗ ಕೆನ್ನೆಯಲ್ಲಿ ಬೀಳುವ ಸಣ್ಣ ಗುಳಿ. ಪೂರ್ತಿ ಮುಖ ಎದುರಿಗೆ ಬರುತ್ತಿದ್ದದ್ದು ಊಟಕ್ಕೆ ಬಿಟ್ಟಾಗ ಮಾತ್ರ. ಆಗ ನನಗೆ ಅದು ತೀರಾ ಜಾಸ್ತಿ ಅನಿಸಿ ಅನ್ನ ನೋಡುತ್ತಿದ್ದೆ.

"ನೀವು ಸಮುದ್ರ ನೋಡಿದೀರಾ?" ಎಂದು ಎರಡನೇ ದಿನ ಕೇಳಿದಳು.

"ನಾನ್ ನೋಡಿಲ್ಲ. ಸಮುದ್ರಾನೇ ನನ್ ನೋಡೋಕ್ ಬರ್ಬೇಕು ಅಂತ ಕಾಯ್ತಿದೀನಿ."

"ಅದಕ್ಕೇ ಕರೆಂಟ್ ಬಿಲ್ ನೋಡ್ದಂಗ್ ನೋಡ್ತಿದೀರ." ಅವಳು ಸ್ಕೂಲ್ ಟ್ರಿಪ್ಪಿನಲ್ಲಿ ಮಲ್ಪೆಗೆ ಹೋಗಿದ್ದಳಂತೆ. "ಮೊದ್ಲು ದೂರ ನೋಡ್ಬೇಕು. ಅಲ್ಲಿಂದ ಒಂದ್ ಗೆರೆ ಎದ್ದು ಬರುತ್ತೆ. ಬಂತು, ಬಂತು ಅಂತ ಕಣ್ಣು ಜೊತೇಲೇ ಬರ್ಬೇಕು. ಕಾಲ್ ಹತ್ರ ಬಂದು ಒಡ್ದೋಗುತ್ತೆ. ಆಗ ಮತ್ತೆ ದೂರ ನೋಡ್ಬೇಕು."

ನಾನು ನೋಡಿದೆ. ಬಟ್ಟೆಯಲ್ಲಿ ಗೆರೆ ಏಳಲಿಲ್ಲ. ಆದರೆ ಅವಳು "ಬಂತು, ಬಂತು" ಎಂದು ಪಿಸುಗುಟ್ಟಿದಾಗ ನನ್ನ ಎದೆಯಲ್ಲಿ ಏನೋ ಬಂದು ಒಡೆದುಹೋಯಿತು. ಡೈಲಾಗ್ ಅಲ್ಲ ಇದು. ನಿಜವಾಗಿ ಆಯಿತು.

ನಮ್ಮ ಪ್ರೀತಿ ಬೆಳೆದದ್ದು ವಿಮಾನಗಳಿಂದ. ಕ್ವಾರಿಯ ನೆತ್ತಿಯ ಮೇಲೆಯೇ ಏರ್‌ಪೋರ್ಟಿನ ದಾರಿ. ಟೇಕ್ ನಡುವೆ ಸದ್ದು ಬಂದರೆ ಪ್ರಮೋದಾ ಮೇಡಂ ಮೈಕಿನಲ್ಲಿ "ಫ್ಲೈಟ್ ಹೋಲ್ಡ್!" ಎಂದು ಕಿರುಚುತ್ತಿದ್ದರು. ಎಲ್ಲರೂ ಇದ್ದಲ್ಲೇ ಕಲ್ಲಾಗಬೇಕು. ಕತ್ತಿ ಎತ್ತಿದ ಸೇನಾಪತಿ ಕತ್ತಿ ಎತ್ತಿಕೊಂಡೇ ಇರಬೇಕು. ಸದ್ದು ಪೂರ್ತಿ ಅಡಗುವವರೆಗೆ ಎರಡು ಮೂರು ನಿಮಿಷ. ಆ ಗುಡುಗಿನಲ್ಲಿ ನಾವು ಮಾತಾಡಿದರೆ ಯಾರಿಗೂ ಕೇಳುವುದಿಲ್ಲ. ತುಟಿ ಮಾತ್ರ ಜಾಸ್ತಿ ಅಲ್ಲಾಡಬಾರದು.

"ಇದು ಎಲ್ಲಿಗ್ ಹೋಗ್ತಿರ್ಬೋದು?"

"ನಮ್ ಮದ್ವೆ ಕಾರ್ಡ್ ಹಂಚೋಕೆ ದುಬೈಗ್ ಹೋಗ್ತಿದೆ."

"ಥೂ, ನಗಿಸ್ಬೇಡ ಕಣೋ, ಕ್ಯಾಮೆರಾ ಈ ಕಡೆ ಐತೆ."

ಐದನೇ ದಿನದ ಹೊತ್ತಿಗೆ ನಾನು "ನೀವು"ನಿಂದ "ಕಣೋ"ಗೆ ಇಳಿದಿದ್ದೆ. ಎಂಟನೇ ದಿನದ ಹೊತ್ತಿಗೆ ಆಕಾಶದಲ್ಲಿ ವಿಮಾನ ಬರುವುದನ್ನು ನಾಯಿಯಂತೆ ಕಿವಿಯೆತ್ತಿ ಕಾಯುತ್ತಿದ್ದೆ. ಮೋಡ ಕವಿದು ವಿಮಾನಗಳು ಕಡಿಮೆಯಾದ ದಿನ ನನಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ.

*

ಪಿಳ್ಳಮ್ಮನಿಗೆ ನಾನು ಅಚ್ಚುಮೆಚ್ಚು. ಲೊಕೇಶನ್ ಊಟ ಅವರಿಗೆ ಸೇರುತ್ತಿರಲಿಲ್ಲ. ಮನೆಯಿಂದ ಚಪಾತಿ, ಹುರುಳಿಕಾಳು ಪಲ್ಯ ತರುತ್ತಿದ್ದರು. ಡಬ್ಬಿಯ ಸ್ಟೀಲ್ ಮುಚ್ಚಳದಲ್ಲಿ ನನಗೂ ಇಟ್ಟು, "ತಿನ್ನಪ್ಪಾ, ಬಡ್ಕಲಾಗಿದೀಯ" ಎನ್ನುತ್ತಿದ್ದರು. ನಾನು ಮುಚ್ಚಳ ನೆಕ್ಕಿ ಹೊಳೆಯುವಂತೆ ಮಾಡಿ, "ಅಮ್ಮ, ಈ ಪಲ್ಯಕ್ಕೋಸ್ಕರ ನಾನು ಎರಡು ರಾಜ್ಯ ಬಿಟ್ಕೊಡ್ತೀನಿ" ಎಂದರೆ ಬಲೆಯಿಂದಲೇ ನನ್ನ ತಲೆಗೆ ಹೊಡೆಯುತ್ತಿದ್ದರು.

ಒಂದು ಪ್ರಶ್ನೆ ಮಾತ್ರ ದಿನಾ ಬರುತ್ತಿತ್ತು. "ಸಮೇತನಹಳ್ಳೀಲಿ ಯಾರ ಪೈಕಿ ನೀನು?"

"ಮಹಾರಾಜರ ಪೈಕಿ ಅಮ್ಮ."

"ಸರ್ಯಾಗ್ ಹೇಳೋ."

"ಅಲೆಪಟ್ಟಣದಲ್ಲಿ ಹಂಗ್ ಕೇಳಂಗಿಲ್ಲ. ರಾಜಾಜ್ಞೆ."

ಅವರು ನಗುತ್ತಿದ್ದರು. ಅರ್ಪಿತ ನಗುತ್ತಿರಲಿಲ್ಲ. ಅವಳಿಗೆ ನಾಲ್ಕನೇ ದಿನವೇ, ಯಾವುದೋ ವಿಮಾನದ ಕೆಳಗೆ, ಹೇಳಿಬಿಟ್ಟಿದ್ದೆ. "ನಮ್ದು ಕಾಲೋನಿ" ಎಂದಿದ್ದೆ. ಅವಳು ಹಸಿರು ಬಟ್ಟೆ ನೋಡುತ್ತಲೇ "ಸರಿ" ಎಂದಿದ್ದಳು. ಆಮೇಲೆ, ವಿಮಾನ ಹೋದ ಮೇಲೆ, ಮೆತ್ತಗೆ "ನಮ್ಮಮ್ಮಂಗೆ ಹೇಳ್ಬೇಡ. ನಾನೇ ಹೇಳ್ತೀನಿ" ಎಂದಿದ್ದಳು.

ಹತ್ತನೇ ದಿನ ಚಿಕ್ಕಬೀರಪ್ಪಣ್ಣ ಟೀ ಕುಡಿಯುತ್ತ ಬಂದು ಕೂತ. ಪಿಳ್ಳಮ್ಮ ಅವನನ್ನೇ ಕೇಳಿದರು. ಅವನಿಗೆ ಮುಚ್ಚಿಡಬೇಕೆಂದು ಯಾರು ಹೇಳಿದ್ದರು?

"ಇವ್ನಾ? ನಮ್ ಬೈಲಪ್ಪನ ಮಗ ಕಣಕ್ಕಾ, ಕಾಲೋನಿಯೋನು. ಒಳ್ಳೇ ಹುಡುಗ."

"ಹೌದಾ" ಎಂದರು ಪಿಳ್ಳಮ್ಮ. ಅಷ್ಟೇ. ಮುಖದಲ್ಲಿ ಏನೂ ಆಗಲಿಲ್ಲ. ಬಲೆ ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡರು.

ಮರುದಿನವೂ ಚಪಾತಿ ಇತ್ತು, ಪಲ್ಯ ಇತ್ತು. "ತಿನ್ನಪ್ಪಾ" ಎನ್ನುವ ಮಾತೂ ಇತ್ತು. ಸ್ಟೀಲ್ ಮುಚ್ಚಳ ಮಾತ್ರ ಇರಲಿಲ್ಲ. ಒಂದು ಪೇಪರ್ ಪ್ಲೇಟು ಇತ್ತು. ಅಂಗಡಿಯಿಂದ ಹೊಸದಾಗಿ ತಂದದ್ದು. ಅದನ್ನು ನನ್ನ ಕೈಗೆ ಕೊಡದೆ ಬೆಂಚಿನ ಮೇಲಿಟ್ಟು ಸ್ವಲ್ಪ ಮುಂದಕ್ಕೆ ತಳ್ಳಿದರು.

ನಾನು ತಿಂದೆ. ನಗುನಗುತ್ತಲೇ ತಿಂದೆ. "ಅಮ್ಮ, ಇವತ್ತು ಪಾರ್ಟಿ ಲೆವೆಲ್ಲು, ಪ್ಲೇಟೆಲ್ಲ ಬಂದಿದೆ" ಎಂದೂ ಹೇಳಿದೆ. ಪಲ್ಯದ ಎಣ್ಣೆ ಪೇಪರಿಗೆ ಇಳಿದು ತಳ ಮೆತ್ತಗಾಯಿತು.

ಅರ್ಪಿತ ಎದ್ದಳು. ತಾಯಿಯ ಚೀಲದಿಂದ ಇನ್ನೊಂದು ಪೇಪರ್ ಪ್ಲೇಟು ಎಳೆದು, ತನ್ನ ಡಬ್ಬಿಯನ್ನು ಅದರ ಮೇಲೆ ಬೋರಲು ಹಾಕಿ, ನನ್ನ ಪಕ್ಕಕ್ಕೆ ಬಂದು ಕೂತು ತಿನ್ನತೊಡಗಿದಳು. ನಾನೂರು ಜನ ಊಟ ಮಾಡುವ ಸದ್ದಿನಲ್ಲಿ ನಮ್ಮ ಬೆಂಚು ಮಾತ್ರ ಮೂಕವಾಗಿತ್ತು.

*

ಹದಿನೇಳನೇ ದಿನ. ಸಮುದ್ರ ಬೀದಿ ನುಂಗುವ ಸೀನು. ಟ್ಯಾಂಕರಿನಿಂದ ನೀರು ಬಿಟ್ಟು ನಮ್ಮನ್ನೆಲ್ಲ ಮೊಣಕಾಲವರೆಗೆ ನೆನೆಸಿದ್ದರು. ಮೇಲೆ ವಿಮಾನ ಬಂತು. ಅರ್ಪಿತ ನಡುಗುತ್ತಿದ್ದಳು.

"ಭಾನುವಾರ ನಮ್ಮನೆಗೆ ನೋಡೋಕ್ ಬರ್ತಾವ್ರೆ. ನೆಲಮಂಗಲದ ಕಡೆಯೋರು. ನಮ್ಮಪ್ಪ ಹೂಂ ಅಂದ್ರೆ ಮುಗೀತು."

"ಹುಡ್ಗ ಏನ್ ಮಾಡ್ತಾನಂತೆ?"

"ಏನೋ ಮಾಡ್ತಾನೆ. ನೀನ್ ಏನ್ ಮಾಡ್ತೀಯ ಹೇಳು."

"ನಾನಾ? ಕುದುರೆ ಮೇಲ್ ಬರ್ತೀನಿ. ಧೂಳೆದ್ದಾಗ ಕಣ್ ಮುಚ್ಕೋ. ಕಣ್ ಬಿಟ್ಟಾಗ ನನ್ ಹಿಂದೆ ಕೂತಿರ್ತೀಯ."

ಅವಳು ನಿಯಮ ಮುರಿದಳು. ಸಮುದ್ರದಿಂದ ಮುಖ ತಿರುಗಿಸಿ ನನ್ನನ್ನು ನೇರವಾಗಿ ನೋಡಿದಳು. ಆ ಮಚ್ಚೆ, ಒದ್ದೆ ಕೂದಲು ಅಂಟಿದ ಹಣೆ, ನೀಲಿಗಟ್ಟಿದ ತುಟಿ.

"ಭೀಮ, ಒಂದೇ ಒಂದ್ ಸಲ ಡೈಲಾಗ್ ಇಲ್ದಂಗೆ ಮಾತಾಡೋ. ನಮ್ಮನೇಗ್ ಬಂದು ಕೇಳು. ಬೈತಾರೆ. ಹೊಡೆದ್ರೂ ಹೊಡೀಬೋದು. ಆದ್ರೆ ನೀನ್ ಬಂದು ಕೇಳಿದ್ರೆ ನಾನು ಒಳಗಿಂದ ಹೊರಗೆ ಬಂದು ನಿಂತ್ಕೋತೀನಿ. ನೀನ್ ಬರ್ದೆ ಇದ್ರೆ ನಾನು ಯಾರ್ ಪಕ್ಕ ನಿಂತ್ಕೊಳ್ಳಿ?"

"ಜೋಡಿ ಮೂವತ್ತೇಳು, ಫೇಸ್ ಸೀ!" ಎಂದು ಮೈಕು ಕಿರುಚಿತು. ಅವಳು ಮತ್ತೆ ಸಮುದ್ರದ ಕಡೆ ತಿರುಗಿದಳು.

ಎರಡು ನಿಮಿಷವಿತ್ತು. ಹೇಳಬೇಕಾದ್ದು ಒಂದೇ ಮಾತು, "ಬರ್ತೀನಿ" ಎಂದು. ಗಂಟಲವರೆಗೆ ಬಂತು. ಬಾಯಿಗೆ ಬರುವಷ್ಟರಲ್ಲಿ ಅದು ಬೇರೆಯಾಗಿತ್ತು.

"ಹೀರೋ ಯಾವತ್ತೂ ಲೇಟಾಗೇ ಬರೋದು ಮೇಡಂ."

ಅವಳು ದೂರ ನೋಡಿದಳು. ಕಾಲ ಬಳಿಗೆ ಬರುವವರೆಗೂ ನೋಡಿದಳು. ಮತ್ತೆ ದೂರ ನೋಡಿದಳು.

ಭಾನುವಾರ ಅವರು ಬಂದು ಹೋದರು. ಒಪ್ಪಿಗೆಯಾಯಿತು ಎಂದು ಸೋಮವಾರ ಟೆಂಪೋದಲ್ಲಿ ಬೇರೆಯವರಿಂದ ಕೇಳಿದೆ. ಆ ಭಾನುವಾರ ನಾನೂ ನಲ್ಲೂರಿಗೆ ಹೋಗಿದ್ದೆ. ಹುಣಸೆ ತೋಪಿನವರೆಗೆ. ಅಲ್ಲಿ ಬೈಕ್ ನಿಲ್ಲಿಸಿ, ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡು, ಎರಡು ಗಂಟೆ ಅಲ್ಲೇ ಕೂತು, ವಾಪಸ್ ಬಂದೆ.

*

ಇಪ್ಪತ್ತೊಂದನೇ ದಿನ ಬೆಳಿಗ್ಗೆಯಿಂದ ಮೋಡ. ಡೈರೆಕ್ಟರಿಗೆ ಅದೇ ಬೇಕಾಗಿತ್ತು. ದ್ವೀಪದ ಕೊನೆಯ ದಿನ. ನೂರು ಜೋಡಿಗಳ ಮದುವೆ.

ಅಲೆಪಟ್ಟಣದಲ್ಲಿ ತಾಳಿ ಇಲ್ಲ. ಕವಡೆ ಪೋಣಿಸಿದ ದಾರ. ಹುಡುಗಿ ಸಮುದ್ರ ನೋಡುತ್ತ ನಿಲ್ಲುತ್ತಾಳೆ, ಹುಡುಗ ಹಿಂದೆ ನಿಂತು ಕಟ್ಟುತ್ತಾನೆ. ಮೊದಲ ಗಂಟು ನೀರಿಗೆ, ಎರಡನೆಯದು ನೆಲಕ್ಕೆ, ಮೂರನೆಯದು ಮನುಷ್ಯರಿಗೆ. ಡೈರೆಕ್ಟರ್ ಬರೆದದ್ದು ಹಾಗೆ. ಆದರೆ ನಮ್ಮ ಜನಕ್ಕೆ ಕವಡೆಯಾದರೇನು, ಕರಿಮಣಿಯಾದರೇನು? ಕುತ್ತಿಗೆಗೆ ಮೂರು ಗಂಟು ಬಿದ್ದರೆ ಬಿತ್ತು. ಚಿಕ್ಕಬೀರಪ್ಪಣ್ಣ ಜೋಡಿಯಿಂದ ಜೋಡಿಗೆ ಓಡಾಡಿ ಹೇಳಿದ:

"ನೋಡ್ರಪ್ಪಾ, ಎರಡೇ ಗಂಟು. ಮೂರನೇದು ಹಾಕ್ದಂಗ್ ಆಕ್ಟ್ ಮಾಡಿ, ಅಷ್ಟೇ. ಸಿನಿಮಾ ಆದ್ರೂ ದೇವ್ರು ನೋಡ್ತಿರ್ತಾನೆ. ಹಿಂದೆ ಒಬ್ಬ ಹಾಕ್ಬಿಟ್ಟು, ಆ ಹುಡ್ಗಿ ಮನೆಯೋರು ಬಂದು ನನ್ ಟೆಂಪೋ ಗ್ಲಾಸ್ ಪುಡಿ ಮಾಡಿದ್ರು."

ಕುತ್ತಿಗೆಯ ಹಿಂಭಾಗ ಕ್ಯಾಮೆರಾಗೆ ಕಾಣುವುದಿಲ್ಲ, ಆಗಲಿ ಎಂದರು ಪ್ರಮೋದಾ ಮೇಡಂ. ಪಿಳ್ಳಮ್ಮ ಅರಮನೆಯ ಮೆಟ್ಟಿಲ ಮೇಲೆ, ಉಳಿದ ಮುದುಕಿಯರ ಜೊತೆ ನಿಂತಿದ್ದರು. ಸಮುದ್ರಕ್ಕೆ ಮುಖ ಮಾಡಬೇಕಾದವರು ನಮ್ಮ ಕಡೆಗೇ ನೋಡುತ್ತಿದ್ದರು.

ಶಂಖ ಊದಿದರು. ನಾನು ಅರ್ಪಿತಳ ಜಡೆಯನ್ನು ಮುಂದಕ್ಕೆ ಸರಿಸಿದೆ. ಕತ್ತಿನ ಮೇಲೆ ಸಣ್ಣ ಕೂದಲುಗಳು ಗಾಳಿಗೆ ಅಲ್ಲಾಡುತ್ತಿದ್ದವು. ದೊಡ್ಡ ಫ್ಯಾನಿನ ಗಾಳಿ. ಒಂದು ಗಂಟು ಹಾಕಿದೆ. ಎರಡನೆಯದು ಹಾಕಿದೆ.

"ಫ್ಲೈಟ್ ಹೋಲ್ಡ್!"

ನೂರು ಹುಡುಗರು, ನೂರು ಹುಡುಗಿಯರು ಕಲ್ಲಾದರು. ಮೋಡದೊಳಗಿಂದ ಸದ್ದು ಇಳಿಯಿತು. ದಾರದ ಎರಡು ತುದಿ ನನ್ನ ಕೈಯಲ್ಲಿ. ಆಗ ನಾನು ಮೂರನೇ ಗಂಟು ಹಾಕಿದೆ. ಬಿಗಿಯಾಗಿ ಹಾಕಿದೆ. "ಇದು ಮನುಷ್ಯರಿಗೆ" ಎಂದೆ. ಅವಳು ಅತ್ತಳು.

ಟೀ ಅಂಗಡಿಯಲ್ಲಿ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಹುಡುಗರು ಶಿಳ್ಳೆ ಹೊಡೆಯುತ್ತಾರೆ. ಒಬ್ಬ ಇನ್ನೊಂದು ಟೀ ಹೇಳುತ್ತಾನೆ. ನೀವು ಇಷ್ಟು ಹೊತ್ತು ಸುಮ್ಮನೆ ಕೇಳಿದ್ದೀರಿ. ಶಿಳ್ಳೆ ಹೊಡೆಯಬೇಡಿ. ಆದದ್ದು ಹೇಳುತ್ತೇನೆ.

"ಹಾಕು" ಎಂದಳು ಅರ್ಪಿತ. ಸಮುದ್ರ ನೋಡುತ್ತಲೇ.

"ಎರಡೇ ಅಂತ ಹೇಳವ್ರಲ್ಲ."

"ಗೊತ್ತು. ಹಾಕು. ನೀನ್ ಮನೇಗಂತೂ ಬರ್ಲಿಲ್ಲ. ಇದಾದ್ರೂ ಹಾಕು. ಇಲ್ಲೇ, ಇಷ್ಟ್ ಜನರ್ ಮುಂದೆ ನಮ್ಮಮ್ಮಂಗ್ ಹೇಳ್ತೀನಿ. ನೀನು ಏನೂ ಹೇಳ್ಬೇಡ, ಪಕ್ಕದಲ್ ನಿಂತ್ಕೋ."

ದಾರದ ತುದಿಗಳು ನನ್ನ ಬೆರಳಲ್ಲಿ ಒದ್ದೆಯಾದವು. ನನ್ನ ಬಾಯಿ ತಾನಾಗಿಯೇ ತೆರೆಯಿತು.

"ಕ್ಲೈಮ್ಯಾಕ್ಸಲ್ಲಿ ಎಲ್ಲಾ ಮುಗಿಸ್ಬಾರ್ದು ಮೇಡಂ. ಪಾರ್ಟ್ ಟೂಗೆ ಸ್ವಲ್ಪ ಇಟ್ಕೋಬೇಕು."

ಅವಳು ನಗಲಿಲ್ಲ. ಎರಡೂ ಕೈಗಳನ್ನು ನಿಧಾನವಾಗಿ ಹಿಂದಕ್ಕೆ ತಂದಳು. ನನ್ನ ಬೆರಳುಗಳ ನಡುವಿನಿಂದ ದಾರವನ್ನು ಬಿಡಿಸಿಕೊಂಡಳು. ಅವಳ ಬೆರಳುಗಳು ತಣ್ಣಗಿದ್ದವು. ಕಾಣದ ಜಾಗದಲ್ಲಿ, ತಡಕುತ್ತ, ತನ್ನ ಕುತ್ತಿಗೆಗೆ ತಾನೇ ಮೂರನೇ ಗಂಟು ಹಾಕಿಕೊಂಡು ಜಗ್ಗಿ ಬಿಗಿದಳು.

"ಆಯ್ತು" ಎಂದಳು.

ವಿಮಾನ ಹೋಯಿತು. ಕ್ಯಾಮೆರಾ ತಿರುಗಿತು. ನಾವಿಬ್ಬರೂ ಬಟ್ಟೆ ನೋಡಿದೆವು. ಕಟ್. ಎಲ್ಲರೂ ಚಪ್ಪಾಳೆ ಹೊಡೆದರು, ಶೂಟಿಂಗ್ ಮುಗಿದಿತ್ತು.

ಕಾಸ್ಟ್ಯೂಮಿನ ಅನುಸೂಯಮ್ಮ ಬುಟ್ಟಿ ಹಿಡಿದು ಸರ ವಾಪಸ್ ಪಡೆಯುತ್ತ ಬಂದರು. ಅರ್ಪಿತಳ ಹಿಂದೆ ನಿಂತು ಉಗುರಿನಿಂದ ಕೆದಕಿದರು. "ಇದ್ಯಾಕಮ್ಮಾ ಮೂರ್ ಗಂಟು? ಬಿಚ್ಚಕ್ಕೇ ಬರ್ತಿಲ್ಲ!"

ಆ ಮಾತು ಮೆಟ್ಟಿಲವರೆಗೆ ಕೇಳಿಸಿತು. ಪಿಳ್ಳಮ್ಮ ಬಲೆ ಅಲ್ಲೇ ಬಿಟ್ಟು ಇಳಿದು ಬಂದರು. ಮಗಳನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಯಾರ್ ಹಾಕಿದ್ದು?"

ಅರ್ಪಿತ ನನ್ನ ಕಡೆ ತಿರುಗಿದಳು. ಸಮುದ್ರಕ್ಕೆ ಪೂರ್ತಿ ಬೆನ್ನು ಹಾಕಿ ತಿರುಗಿದಳು. ಆ ಮುಖದಲ್ಲಿ ಬೇಡಿಕೊಳ್ಳುವುದು ಏನೂ ಇರಲಿಲ್ಲ. ಮನೆ ಖಾಲಿ ಮಾಡಿ, ಬೀಗ ಹಾಕಿ, ಗಾಡಿ ಹತ್ತಲು ಹೊರಗೆ ಬಂದು ನಿಂತವರ ಮುಖದ ಹಾಗಿತ್ತು. ನಾನು "ನಾನೇ" ಎನ್ನಬೇಕಿತ್ತು. ಅದು ಸುಳ್ಳಾಗುತ್ತಿತ್ತು, ಸರಿ. ಹುಟ್ಟಿದಾಗಿನಿಂದ ಬೇರೆ ಏನು ಹೇಳಿದ್ದೆ ನಾನು?

"ನಾನಲ್ಲಮ್ಮ" ಎಂದೆ. "ನಾನ್ ಹಾಕಿದ್ದು ಎರಡೇ. ದೇವ್ರಾಣೆ."

ಆಮೇಲೆ ಅರ್ಪಿತ ತಾಯಿಗೆ ಹೇಳಿದಳು. ಧ್ವನಿ ಮಾಮೂಲಿಯಾಗಿಯೇ ಇತ್ತು. "ನಾನೇ ಹಾಕ್ಕೊಂಡೆ. ಸರ ಜಾರ್ತಿತ್ತು."

ಅನುಸೂಯಮ್ಮ ಸೊಂಟದಿಂದ ಕತ್ತರಿ ತೆಗೆದರು. ಅವಳು ತಲೆ ಬಗ್ಗಿಸಿ ಕೊಟ್ಟಳು. ಕವಡೆಗಳು ಬುಟ್ಟಿಗೆ ಬಿದ್ದವು. ನಾನು ಏನೋ ಜೋಕ್ ಮಾಡಿದೆ, ಏನೆಂದು ಈಗ ನೆನಪಿಲ್ಲ. ಯಾರೋ ನಕ್ಕರು ಕೂಡ. ಅವಳು ಟೆಂಪೋ ಹತ್ತುವಾಗ ನನ್ನ ಕಡೆ ನೋಡಲಿಲ್ಲ. ಕೋಪದಿಂದ ಅಲ್ಲ, ನೋಡಲು ಅಲ್ಲಿ ಯಾರೂ ಇಲ್ಲವೇನೋ ಎನ್ನುವ ಹಾಗೆ.

ಅವಳ ಒಳ್ಳೆಯದಕ್ಕೆ ಹಾಗೆ ಹೇಳಿದೆ ಎಂದು ಬಹಳ ದಿನ ಗೆಳೆಯರ ಮುಂದೆ ಹೇಳಿಕೊಂಡು ತಿರುಗಿದೆ. ಅವರಪ್ಪ ಏನು ಮಾಡಿಬಿಡುತ್ತಿದ್ದರೋ, ನಮ್ಮ ಬೀದಿಗೆ ಏನಾಗುತ್ತಿತ್ತೋ ಎಂದೆಲ್ಲ ಹೇಳಿದೆ. ಆಗಬಹುದಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಹೊತ್ತಿನಲ್ಲಿ ನಾನು ಅದ್ಯಾವುದನ್ನೂ ಯೋಚಿಸಿರಲಿಲ್ಲ. ಪಿಳ್ಳಮ್ಮನ ಕೈಯಲ್ಲಿ ಕೋಲಿರಲಿಲ್ಲ, ಹಿಂದೆ ಜನ ಇರಲಿಲ್ಲ. ಬರಿಗೈಯಲ್ಲಿ ನಿಂತ ಒಬ್ಬ ಹೆಂಗಸು ಒಂದು ಪ್ರಶ್ನೆ ಕೇಳಿದ್ದಕ್ಕೆ ಹೆದರಿ ಹಾಗೆಂದೆ.

ಶ್ರಾವಣದಲ್ಲಿ ಅವಳ ಮದುವೆಯಾಯಿತು. ನೆಲಮಂಗಲದಲ್ಲಿದ್ದಾಳೆ. ಸಿನಿಮಾ ಇನ್ನೂ ಬಂದಿಲ್ಲ, ಬಂದರೂ ನೋಡುವ ಧೈರ್ಯ ನನಗಿಲ್ಲ. ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಹೊಸ ಕೆಲಸದ ಜಾಗದಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಮೂರೂ ಗಂಟು ನಾನೇ ಹಾಕಿದೆ ಎನ್ನುತ್ತೇನೆ. ನಿಮಗೂ ಹಾಗೇ ಹೇಳಿದೆ. ಅದನ್ನು ಹೇಳಬೇಕಾಗಿದ್ದದ್ದು ಒಬ್ಬರಿಗೆ, ಒಂದೇ ಸಲ.